ತಮ್ಮ ಫ್ರಿಜ್ಜು ನಮ್ಮ ಮನೆಗೆ ಬಂದ ಮೇಲೆ

ಗೆ,
ಮಾನ್ಯ ಮಾಲೀಕರು,
‘ಮಹಾಸಂತೃಪ್ತಿ’ ಗೃಹೋಪಯೋಗಿ ವಸ್ತುಗಳ ಮಳಿಗೆ,
ಮಂಡ್ಯ.

ಮಾನ್ಯರೇ,

ತಮಗೂ, ತಮ್ಮ ಮಳಿಗೆಯ ಗಾಜಿನ ಬಾಗಿಲನ್ನು ದಿನವಿಡೀ ತೆರೆದು ಮುಚ್ಚುವ ಕಾವಲುಗಾರರಿಗೂ, ಒಳಗೆ ಸಾಲಾಗಿ ನಿಂತು ಒಂದೇ ಹಾಡನ್ನು ಬೇರೆ ಬೇರೆ ಗಾತ್ರದಲ್ಲಿ ತೋರಿಸುವ ಟಿ.ವಿ.ಗಳಿಗೂ ಭಾರತೀನಗರದ ಟೈಲರ್ ಕರುಣಾವತಿ ಮಾಡುವ ವಂದನೆಗಳು. ತಾವು ಕ್ಷೇಮವೆಂದು ನಂಬಿದ್ದೇನೆ; ಹೆದ್ದಾರಿಯ ಫಲಕದಲ್ಲಿ ತಮ್ಮ ಮುಖ ನೋಡಿದವರಿಗೆ ಆ ಬಗ್ಗೆ ಅನುಮಾನ ಉಳಿಯುವುದಿಲ್ಲ. ನಾವೂ ಕ್ಷೇಮ. ಈಚೆಗೆ ಸ್ವಲ್ಪ ಹೆಚ್ಚೇ ಕ್ಷೇಮ. ಅದರ ಕಾರಣವನ್ನು ತಿಳಿಸುವುದಕ್ಕಾಗಿಯೇ ಈ ಪತ್ರ.

ಮೊನ್ನೆ ತಮ್ಮ ಮಳಿಗೆಯಿಂದ ಒಬ್ಬ ಹುಡುಗಿ ಫೋನು ಮಾಡಿ, ನಾವು ತಮ್ಮ ಹಬ್ಬದ ಅದೃಷ್ಟ ಡ್ರಾದಲ್ಲಿ ಗೆದ್ದ ಎರಡು ಬಾಗಿಲ ಫ್ರಿಜ್ಜಿನ ಪಕ್ಕದಲ್ಲಿ ಗಂಡ ಹೆಂಡತಿ ನಗುತ್ತಾ ನಿಂತಿರುವ ಒಂದು ಫೋಟೊ ಕಳುಹಿಸಬೇಕೆಂದೂ, ಅದನ್ನು ‘ಸಂತೃಪ್ತ ಕುಟುಂಬ’ ಎಂಬ ತಲೆಬರಹದಲ್ಲಿ ಜಾಹೀರಾತಿಗೆ ಬಳಸುವುದಾಗಿಯೂ ಬಹಳ ಪ್ರೀತಿಯಿಂದ ಕೇಳಿದರು. ನಗುವುದಕ್ಕೆ ನಮ್ಮ ಅಡ್ಡಿಯೇನೂ ಇಲ್ಲ. ಆದರೆ ಪಕ್ಕದಲ್ಲಿ ನಿಲ್ಲಲು ಫ್ರಿಜ್ಜು ಇಲ್ಲ. ಹೀಗೆಂದ ಕೂಡಲೇ ಆಕೆ ಗಾಬರಿಯಾಗಿ ‘ಕಳ್ತನ ಆಯ್ತಾ ಮೇಡಂ?’ ಎಂದರು. ಇಲ್ಲ, ಕಳ್ಳತನವಾಗಲಿಲ್ಲ. ಆದದ್ದನ್ನೆಲ್ಲ ಫೋನಿನಲ್ಲಿ ಹೇಳಲು ಹೋದರೆ ಆ ಮಗುವಿನ ಊಟದ ಹೊತ್ತು ಮೀರುತ್ತಿತ್ತು; ಆದ್ದರಿಂದ ತಮಗೇ ಬರೆಯುತ್ತಿದ್ದೇನೆ.

ಮೊದಲು ನಮ್ಮ ಪರಿಚಯ. ನಮ್ಮ ಯಜಮಾನರು ದೇವಸಹಾಯ ಅಂತ, ಇಲ್ಲಿನ ಕಾಲೇಜೊಂದರ ಪ್ರಯೋಗಾಲಯದಲ್ಲಿ ಸಹಾಯಕರು. ನಾನು ರವಿಕೆ ಹೊಲಿಯುತ್ತೇನೆ. ನಾವು ಕ್ರೈಸ್ತರು, ಭಾನುವಾರ ಬಸ್ಸು ಹತ್ತಿ ಮದ್ದೂರಿನ ನಮ್ಮ ಪುಟ್ಟ ಸಭೆಗೆ ಆರಾಧನೆಗೆ ಹೋಗುತ್ತೇವೆ. ನಮ್ಮ ಅತ್ತೆಯವರು ಈ ಮನೆಗೆ ಆಸ್ತಿ ಅಂತ ಏನನ್ನೂ ಬಿಟ್ಟುಹೋಗಲಿಲ್ಲ, ಒಂದು ಅಭ್ಯಾಸವನ್ನು ಬಿಟ್ಟುಹೋದರು. ಊಟಕ್ಕೆ ಮುಂಚೆ ದೇವರ ಹತ್ತಿರ ಇವತ್ತಿಗೆ ಬೇಕಾದದ್ದನ್ನು ಮಾತ್ರ ಕೇಳಬೇಕು, ನಾಳೆಗೆ ಅಂತ ಎತ್ತಿಡಬಾರದು, ಹೆಚ್ಚಾಗಿದ್ದರೆ ಬಿಸಿ ಇರುವಾಗಲೇ ಇನ್ನೊಬ್ಬರಿಗೆ ಕೊಟ್ಟು ಕೂರಬೇಕು. ತುಂಬಿದ ಮನೆಯಲ್ಲಿ ಹುಟ್ಟಿ ಬೆಳೆದ ನನಗೆ ಇಬ್ಬರಿಗಷ್ಟೇ ಅಳತೆ ಹಿಡಿದು ಸಾರು ಮಾಡುವುದು ಇವತ್ತಿಗೂ ಬಂದಿಲ್ಲವಾದ್ದರಿಂದ, ದಿನಾ ಸಂಜೆ ಒಂದು ಬಟ್ಟಲು ಸಾರು ಹಿತ್ತಲ ಮೋಟುಗೋಡೆಯ ಆಚೆಗೆ, ಚಿಕ್ಕಬೋರಮ್ಮನವರ ಕೈಗೆ ಹೋಗುತ್ತಿತ್ತು. ಎರಡು ಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕುವ ಹೆಂಗಸು ಆಕೆ. ಬಟ್ಟಲು ಬೆಳಿಗ್ಗೆ ವಾಪಸು ಬರುವಾಗ ಅದರಲ್ಲಿ ಗಟ್ಟಿ ಮೊಸರೋ, ಒಂದು ಹಿಡಿ ನುಗ್ಗೆಸೊಪ್ಪೋ ಇರುತ್ತಿತ್ತು. ಜೊತೆಗೆ ಹಿಂದಿನ ದಿನದ ಸಾರಿನ ಮೇಲೆ ಆಕೆಯ ತೀರ್ಪೂ ಬರುತ್ತಿತ್ತು. ನಮ್ಮ ಬದುಕು ಇಷ್ಟೇ, ಮತ್ತು ಇದರಲ್ಲಿ ಏನೋ ಕೊರತೆಯಿದೆ ಎಂಬ ಸಂಗತಿಯನ್ನು ತಾವು ತಿಳಿಸಿಕೊಡುವವರೆಗೂ ನಮಗೆ ಗೊತ್ತಿರಲಿಲ್ಲ. ಅದಕ್ಕಾಗಿ ತಮಗೆ ಎಷ್ಟು ಕೃತಜ್ಞತೆ ಹೇಳಿದರೂ ಸಾಲದು.

ನಾನು ತಮ್ಮ ಮಳಿಗೆಗೆ ಬಂದದ್ದು ಕುಕ್ಕರಿನ ರಬ್ಬರಿಗೆ. ಕೌಂಟರಿನವರು ಒಂದು ಕೂಪನ್ನು ಕೊಟ್ಟು ಹೆಸರು ಬರೆದು ಡಬ್ಬಿಗೆ ಹಾಕಿ ಎಂದರು, ಬೇಡವೆನ್ನುವುದು ಮರ್ಯಾದೆಯಲ್ಲವೆಂದು ಯಜಮಾನರ ಹೆಸರು ಬರೆದು ಹಾಕಿದೆ. ಕೆಲವು ವಾರಗಳ ನಂತರ ತಮ್ಮ ವ್ಯಾನು ಮೈಕು ಕಟ್ಟಿಕೊಂಡು, ನಮ್ಮ ಯಜಮಾನರ ಹೆಸರನ್ನು ಚುನಾವಣೆಗೆ ನಿಂತವರ ಹೆಸರಿನಂತೆ ಕೂಗುತ್ತಾ ನಮ್ಮ ಬೀದಿಗೆ ಬಂತು. ಫ್ರಿಜ್ಜು ಬಾಗಿಲಲ್ಲಿ ಹಿಡಿಸಲಿಲ್ಲ. ಹೊತ್ತು ತಂದವರು ಬೆವರು ಒರೆಸಿಕೊಂಡು, ‘ಏನಮ್ಮ, ಬಾಗ್ಲುನ್ನ ಇಷ್ಟ್ ಚಿಕ್ದಾಗಿ ಮಡಗಿದ್ದೀರಲ್ಲ?’ ಎಂದು ನಮ್ಮನ್ನೇ ಗದರಿಕೊಂಡರು. ಮನೆ ಕಟ್ಟಿಸುವಾಗ ಮಾವನವರಿಗೆ ಮನುಷ್ಯರು ಬರುತ್ತಾರೆ ಎಂಬ ಅಂದಾಜು ಮಾತ್ರ ಇತ್ತು ಎಂದು ನಾನು ವಿನಯದಿಂದ ಹೇಳಿದೆ. ಕೊನೆಗೆ ಚೌಕಟ್ಟನ್ನೇ ಕಿತ್ತು ಫ್ರಿಜ್ಜನ್ನು ಒಳಗೆ ತಂದರು. ಅದು ನನ್ನ ಹೊಲಿಗೆ ಮಿಷನ್ನಿನ ಜಾಗದಲ್ಲಿ ನಿಂತಿತು, ಮಿಷನ್ನು ಜಗಲಿಗೆ ಬಂತು, ಜಗಲಿಯಲ್ಲಿ ಕೂತು ಪೇಪರು ಓದುತ್ತಿದ್ದ ಯಜಮಾನರು ಬೀದಿಗೆ ಬಂದರು. ನೋಡಲು ಬಂದ ಚಿಕ್ಕಬೋರಮ್ಮನವರು ಎರಡೂ ಬಾಗಿಲು ತೆಗೆಸಿ, ‘ಯವ್ವಾ, ಇದ್ರೊಳ್ಗೆ ನಮ್ಮ ಕರಾನೂ ಕಟ್ಬೋದು ಕಣವ್ವ!’ ಎಂದು ಮನಸಾರೆ ಹೊಗಳಿದರು.

ಆ ಭಾನುವಾರ ನಮ್ಮ ಸಭಾಪಾಲಕರು ಆರಾಧನೆಯ ನಡುವೆ ದೇವಸಹಾಯಣ್ಣನವರು ಮುಂದೆ ಬಂದು ತಮಗಾದ ಆಶೀರ್ವಾದದ ಬಗ್ಗೆ ಸಾಕ್ಷಿ ಹೇಳಬೇಕು ಎಂದರು. ಪಾಪ, ಅವರು ಸಂಕೋಚದಿಂದಲೇ ಎದ್ದು ನಿಂತು, ಫ್ರಿಜ್ಜು ಬಂತು, ದೇವರಿಗೆ ಸ್ತೋತ್ರ, ಎಂದು ಹೇಳಿ ಕೂತುಬಿಟ್ಟರು. ಆದರೆ ಸಭೆಯಲ್ಲಿ ನಂಬಿಕೆ ಎಷ್ಟು ಬಲವಾಯಿತೆಂದರೆ, ಕೂಡಲೇ ಶಾಲಿನಿ ಎಂಬ ನಮ್ಮ ಸಹೋದರಿ ಎದ್ದು ತನಗೊಂದು ವಾಷಿಂಗ್ ಮಿಷನ್ನಿಗಾಗಿ ಎಲ್ಲರೂ ಪ್ರಾರ್ಥಿಸಬೇಕೆಂದು ಕೇಳಿಕೊಂಡಳು. ದೇವರಿಗೆ ಗೊಂದಲವಾಗಬಾರದೆಂದು, ಬಟ್ಟೆಯನ್ನು ಮುಂದಿನಿಂದ ಹಾಕುವಂಥದ್ದು ಎಂದೂ ಸೇರಿಸಿದಳು. ಸಭಾಪಾಲಕರ ನೂರು ಪ್ರಸಂಗಗಳಿಂದ ಹುಟ್ಟದ ಉತ್ಸಾಹವನ್ನು ತಮ್ಮ ಒಂದು ಕೂಪನ್ನು ಹುಟ್ಟಿಸಿ ತೋರಿಸಿತು. ಯಜಮಾನರು ಮಾತ್ರ ಬಸ್ಸಿನಲ್ಲಿ ನಮ್ಮೂರು ಬರುವವರೆಗೂ ಕಿಟಕಿಯ ಕಡೆಗೇ ಮುಖ ಮಾಡಿ ಕೂತಿದ್ದರು.

ಮಾನ್ಯರೇ, ತಾವು ಫ್ರಿಜ್ಜಿನ ಜೊತೆಗೆ ಕೊಟ್ಟ ಪುಸ್ತಿಕೆಯಲ್ಲಿ ಅದನ್ನು ಒರೆಸುವುದು ಹೇಗೆಂದು ಇದೆ, ಅದರ ಹಸಿವನ್ನು ತಣಿಸುವುದು ಹೇಗೆಂದು ಇಲ್ಲ. ಬಾಗಿಲು ತೆಗೆದಾಗ ಅಷ್ಟು ದೊಡ್ಡ ಬೆಳಕಿನಲ್ಲಿ ನಾಲ್ಕು ಟೊಮೆಟೊ ಮತ್ತು ಒಂದು ಕುಡಿಕೆ ಮೊಸರು ಕೂತಿರುವುದನ್ನು ನೋಡಿ ನನಗೆ ನಾಚಿಕೆಯಾಗತೊಡಗಿತು. ಮೊದಲ ಬಾರಿಗೆ ನಮ್ಮ ಮನೆ ಬಡವರ ಮನೆಯಂತೆ ಕಂಡಿತು. ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಗಳನ್ನು ತಂದೆ. ಫ್ರಿಜ್ಜಿನ ಹಿಂದಿನ ಗೋಡೆ ಮಾಸಿದೆ ಎನಿಸಿತು, ಬಣ್ಣ ಹೊಡೆಸಿದೆವು. ಆ ಗೋಡೆಯ ಪಕ್ಕದ ಗೋಡೆಗೆ ಬೇಸರವಾಯಿತು, ಅದಕ್ಕೂ ಹೊಡೆಸಿದೆವು. ಹೆಚ್ಚಾದ ಸಾರು ಡಬ್ಬಿಗೆ ಹೋಯಿತು. ನಾಳೆ ಬೇಕಾಗುತ್ತದಲ್ಲ ಎಂದುಕೊಂಡೆ. ನಾಳೆ ಬೇಕಾಗಲಿಲ್ಲ, ನಾಳೆ ಮತ್ತೊಂದು ಡಬ್ಬಿ ಸೇರಿತು. ಒಂದು ದಿನ ಊಟದ ಪ್ರಾರ್ಥನೆಯ ನಡುವೆಯೇ ಯಜಮಾನರು ಕಣ್ಣು ಬಿಟ್ಟು, ‘ಕರುಣಾ, ನಾವು ಸ್ತೋತ್ರ ಹೇಳ್ತಿರೋದು ಇವತ್ತಿನ ಊಟಕ್ಕೋ, ಸೋಮವಾರದ ಹುಳ್ಳಿಸಾರಿಗೋ?’ ಎಂದು ಕೇಳಿದರು. ನಾವಿಬ್ಬರೂ ನಕ್ಕೆವು. ನಕ್ಕು, ಅದನ್ನೇ ಉಂಡೆವು.

ಬಟ್ಟಲು ಗೋಡೆ ದಾಟುವುದು ನಿಂತಿತ್ತು. ಯಾರೂ ಜಗಳವಾಡಲಿಲ್ಲ. ಯಾರೂ ನಿಲ್ಲಿಸೋಣ ಎಂದೂ ಹೇಳಲಿಲ್ಲ.

ಅದು ಕಬ್ಬು ಅರೆಯುವ ಕಾಲ. ಚಿಕ್ಕಬೋರಮ್ಮನವರ ಮಗ ಮಹದೇವು ಕಬ್ಬಿನ ಲಾರಿ ಓಡಿಸುವವನು, ಮನೆಗೆ ಬರುವುದೇ ಅಪರೂಪ. ಸೊಸೆ ಸೌಮ್ಯ ಬಾಣಂತನಕ್ಕೆ ಮಳವಳ್ಳಿಯ ತವರಿಗೆ ಹೋಗಿದ್ದಳು. ಒಂದು ಬೆಳಿಗ್ಗೆ ಆಚೆ ಕೊಟ್ಟಿಗೆಯಲ್ಲಿ ಹಸುಗಳು ಒಂದೇ ಸಮನೆ ಅರಚುತ್ತಿದ್ದವು. ಹಾಲು ಕರೆಯುವ ಹೊತ್ತು ಮೀರಿದರೂ ಯಾರೂ ಬಾರದೆ ಕೆಚ್ಚಲು ಬಿಗಿದ ಹಸುವಿನ ದನಿ ಅದು. ನಾನು ಗೋಡೆಯ ಹತ್ತಿರ ಹೋಗಿ ‘ಅಕ್ಕಾ’ ಎಂದು ಕೂಗಿದೆ, ಉತ್ತರವಿಲ್ಲ. ನನ್ನ ವಯಸ್ಸಿನಲ್ಲಿ ಸೀರೆ ಎತ್ತಿ ಕಟ್ಟಿ ಗೋಡೆ ಹಾರುವುದು ತಮ್ಮ ಜಾಹೀರಾತಿಗೆ ತಕ್ಕ ದೃಶ್ಯವಲ್ಲ, ಆದರೂ ಹಾರಿದೆ. ಆಕೆ ಅಡುಗೆಮನೆಯ ನೆಲದ ಮೇಲೆ ಕಂಬಳಿ ಹೊದ್ದು ಮಲಗಿದ್ದರು. ಮೈ ಕೆಂಡ. ಒಲೆಯಲ್ಲಿ ಬೂದಿ ತಣ್ಣಗಿತ್ತು.

‘ಯಾಕಕ್ಕ, ಒಂದು ಕೂಗು ಹಾಕ್ಬಾರ್ದಿತ್ತಾ?’ ಎಂದೆ.

‘ಕೂಗಕ್ಕೆ ಉಸ್ರೆಲ್ಲಿತ್ತು ಕಣವ್ವ,’ ಎಂದರು ಕಣ್ಣು ಮುಚ್ಚಿಕೊಂಡೇ. ‘ಬಟ್ಲು ಬಂದಿದ್ರೆ ನೀನೇ ನೋಡ್ತಿದ್ದೆ. ಈಗ ನಿಮ್ಮನೆ ಬಟ್ಲು ಫಿರಿಜ್ಜೊಳ್ಗೆ ಕುಂತದಲ್ಲ.’

ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಯಜಮಾನರು ಓಡಿಹೋಗಿ ಆಟೊ ತಂದರು. ಇಲ್ಲಿನ ಡಾಕ್ಟರು ನೋಡಿ, ತಡಮಾಡದೆ ಮಂಡ್ಯದ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಎಂದರು. ಡೆಂಗೆ ಜ್ವರ. ಇನ್ನೂ ಒಂದು ದಿನ ಹಾಗೇ ಬಿಟ್ಟಿದ್ದರೆ ಕಷ್ಟವಿತ್ತು ಎಂದು ಅಲ್ಲಿನವರು ಹೇಳಿದಾಗ ಯಜಮಾನರು ವಾರ್ಡಿನ ಹೊರಗಿನ ಬೆಂಚಿನ ಮೇಲೆ ತಲೆ ತಗ್ಗಿಸಿ ಕೂತು ಬಹಳ ಹೊತ್ತು ಪ್ರಾರ್ಥನೆ ಮಾಡಿದರು. ಮಹದೇವು ಲಾರಿಯನ್ನು ಸಕ್ಕರೆ ಫ್ಯಾಕ್ಟರಿಯ ಮುಂದಿನ ಸಾಲಿನಲ್ಲೇ ಬಿಟ್ಟು ಬಂದ. ಬೆಸಗರಹಳ್ಳಿಯಿಂದ ಚಿಕ್ಕಬೋರಮ್ಮನವರ ತಂಗಿಯ ಮಗಳು ವೀಣ ಬಂದು ಪಕ್ಕದಲ್ಲಿ ಕೂತಳು. ಜ್ವರ ಇಳಿದು, ಆಕೆ ಆಸ್ಪತ್ರೆಯ ಸಾರಿಗೆ ಹುಳಿ ಸಾಲದು ಎಂದು ನರ್ಸಮ್ಮನಿಗೆ ಹೇಳಿದ ದಿನ ನಮಗೆಲ್ಲ ಜೀವ ಬಂತು.

ಮನೆಗೆ ಬಂದ ಮೇಲೆ ನಾನು ತಮ್ಮ ಮಳಿಗೆಗೆ ಫೋನು ಮಾಡಿ, ದಯವಿಟ್ಟು ಫ್ರಿಜ್ಜನ್ನು ವಾಪಸು ತೆಗೆದುಕೊಳ್ಳಿ ಎಂದು ಬೇಡಿಕೊಂಡದ್ದು ತಮ್ಮ ಗಮನಕ್ಕೆ ಬಂದಿರಲಾರದು. ಬಹುಮಾನವನ್ನು ವಾಪಸು ಪಡೆಯುವ ಪದ್ಧತಿ ಇಲ್ಲವೆಂದೂ, ತೃಪ್ತಿಯಾಗದಿದ್ದರೆ ಇದಕ್ಕಿಂತ ದೊಡ್ಡದಕ್ಕೆ ಬದಲಾಯಿಸಿಕೊಳ್ಳಬಹುದೆಂದೂ ಉತ್ತರ ಬಂತು. ರೋಗಿಯ ಕಷ್ಟ ಕೇಳಿ ಅದೇ ಔಷಧವನ್ನು ಇಮ್ಮಡಿ ಬರೆದುಕೊಡುವ ಈ ಔದಾರ್ಯವನ್ನು ನಾನು ಬೇರೆಲ್ಲೂ ಕಂಡಿಲ್ಲ.

ದಾರಿ ತೋರಿಸಿದ್ದು ವೀಣ. ದೊಡ್ಡಮ್ಮನ ಆರೈಕೆಗೆಂದು ಉಳಿದುಕೊಂಡಿದ್ದವಳು ಒಂದು ಮಧ್ಯಾಹ್ನ ನೀರು ಕೇಳಲು ನಮ್ಮಲ್ಲಿಗೆ ಬಂದಳು. ಅವಳು ಬೆಸಗರಹಳ್ಳಿಯ ಬಸ್ ಸ್ಟಾಪಿನ ಪುಟ್ಟ ಅಂಗಡಿಯಲ್ಲಿ ದೋಸೆಹಿಟ್ಟು, ಮಜ್ಜಿಗೆ ಮಾರುತ್ತಾಳೆ. ಬೇಸಿಗೆಯಲ್ಲಿ ಮಧ್ಯಾಹ್ನದ ಹೊತ್ತಿಗೆ ಹಿಟ್ಟು ಹುಳಿ ಬಂದು ಅರ್ಧ ಚರಂಡಿಗೆ ಸುರಿಯಬೇಕಾಗುತ್ತದಂತೆ. ಫ್ರಿಜ್ಜಿನ ಬಾಗಿಲನ್ನು ಮೆಲ್ಲಗೆ ಮುಟ್ಟಿ, ‘ಅಕ್ಕಾ, ಇದ್ರೊಳ್ಗೆ ಮಡಗಿದ್ರೆ ಹಿಟ್ಟು ಹುಳಿ ಬರಾಕಿಲ್ಲ ಅಲ್ವಾ?’ ಎಂದಳು. ಕೇಳಿದ್ದು ಅಷ್ಟೇ, ಆಸೆಯನ್ನೂ ತೋರಿಸಲಿಲ್ಲ. ನಾನು ಯಜಮಾನರ ಮುಖ ನೋಡಿದೆ. ಅವರು ಆಗಲೇ ಎದ್ದು ಪ್ಲಗ್ಗು ಕೀಳುತ್ತಿದ್ದರು.

‘ಬ್ಯಾಡಿ ಅಣ್ಣ, ಇಷ್ಟ್ ದೊಡ್ಡದ್ನ ನಾನೆಂಗೆ ಇಸ್ಕೊಳ್ಳದು, ಋಣ ಆಯ್ತದೆ,’ ಎಂದು ವೀಣ ಹಿಂದಕ್ಕೆ ಸರಿದಳು.

‘ನಮ್ಮನೇಲಿ ಇದು ಸುಮ್ನೆ ಉರೀತದೆ ಕಣಮ್ಮ,’ ಎಂದರು ಯಜಮಾನರು. ‘ನಿನ್ನತ್ರ ದುಡೀತದೆ. ತಗೊಂಡೋಗು.’

ಮಹದೇವು ತನ್ನ ಲಾರಿಯಲ್ಲೇ ಸಾಗಿಸಿದ. ಚೌಕಟ್ಟನ್ನು ಮತ್ತೊಮ್ಮೆ ಕೀಳಬೇಕಾಯಿತು, ಈ ಸಲ ಯಾರೂ ಗದರಲಿಲ್ಲ. ನನ್ನ ಮಿಷನ್ನು ಒಳಗೆ ಬಂತು, ಯಜಮಾನರು ಜಗಲಿಗೆ ಬಂದರು. ಮುಂದಿನ ಭಾನುವಾರ ಯಾರೂ ಕರೆಯದಿದ್ದರೂ ಅವರೇ ಎದ್ದು ನಿಂತು, ‘ಹೋದ ಸಲ ಫ್ರಿಜ್ಜು ಬಂತು ಅಂತ ಸ್ತೋತ್ರ ಹೇಳಿದೆ. ಈ ಸಲ ಹೋಯ್ತು ಅಂತ ಹೇಳ್ತಿದ್ದೀನಿ. ಹೋದ ಸಲ ಬರೀ ಬಾಯಲ್ಲಿ ಹೇಳಿದ್ದೆ,’ ಎಂದಿಷ್ಟೇ ಹೇಳಿ ಕೂತರು. ಸಭಾಪಾಲಕರು ಕನ್ನಡಕ ತೆಗೆದು ಒರೆಸಿಕೊಂಡರು. ಎಲ್ಲರಿಗಿಂತ ಗಟ್ಟಿಯಾಗಿ ಆಮೆನ್ ಎಂದವಳು ಶಾಲಿನಿ. ವಾಷಿಂಗ್ ಮಿಷನ್ನಿನ ಕೋರಿಕೆಯನ್ನು ಮಾತ್ರ ಅವಳು ಇನ್ನೂ ಹಿಂದಕ್ಕೆ ಪಡೆದಿಲ್ಲ.

ತಮ್ಮ ಸರಕಿನ ಮೇಲೆ ನಮಗೆ ದ್ವೇಷವಿಲ್ಲ. ವೀಣಳ ಅಂಗಡಿಯಲ್ಲಿ ಅದು ಎರಡೂ ಬಾಗಿಲು ತುಂಬ ಕೆಲಸ ಮಾಡುತ್ತಿದೆ, ಅಲ್ಲಿ ಅದಕ್ಕೆ ಹಸಿವಿಲ್ಲ. ಆದರೂ ಮುಂದಿನ ಮಾದರಿಗಳಿಗಾಗಿ ಕೆಲವು ವಿನಂತಿಗಳನ್ನು ತಯಾರಕರಿಗೆ ತಾವು ತಲುಪಿಸಬೇಕು. ಹಿಂಬದಿಯಲ್ಲಿ, ಪಕ್ಕದ ಮನೆಯ ಅಡುಗೆಮನೆಗೆ ತೆರೆದುಕೊಳ್ಳುವ ಮೂರನೆಯ ಬಾಗಿಲೊಂದನ್ನು ಇಡಬೇಕು. ಒಳಗೆ ತಂಪು ಕಡಿಮೆಯಾದರೆ ಕೂಗುವ ಯಂತ್ರ, ಪಕ್ಕದ ಮನೆಯ ಒಲೆ ತಣ್ಣಗಾದರೂ ಕೂಗುವಂತಾಗಬೇಕು. ಸೋಮವಾರದ ಸಾರನ್ನು ಗುರುವಾರದವರೆಗೆ ಕೆಡದಂತೆ ಇಡುವ ತಂತ್ರಜ್ಞಾನವು, ಅದನ್ನು ಎತ್ತಿಟ್ಟವರ ಮನಸ್ಸಿಗೂ ವಿಸ್ತರಿಸುವಂತಾದರೆ ನಾವೇ ಬಂದು ಕೊಳ್ಳುತ್ತೇವೆ.

ಇನ್ನು ಫೋಟೊ ವಿಷಯ. ತಮಗೆ ಸಂತೃಪ್ತ ಕುಟುಂಬವೇ ಬೇಕಿದ್ದರೆ ಯಾವುದಾದರೂ ಸಂಜೆ ನಮ್ಮ ಹಿತ್ತಲಿಗೆ ಫೋಟೊದವರನ್ನು ಕಳುಹಿಸಿ. ಗೋಡೆಯ ಈಚೆ ನಾವಿಬ್ಬರು, ಆಚೆ ಚಿಕ್ಕಬೋರಮ್ಮನವರು ಮತ್ತು ತವರಿನಿಂದ ಮಗುವಿನೊಂದಿಗೆ ಬಂದಿರುವ ಸೌಮ್ಯ. ನಿನ್ನೆ ಬಸ್ಸಾರು ಕೊಟ್ಟಿದ್ದೆ. ಚಿಕ್ಕಬೋರಮ್ಮನವರು ಬೆರಳಲ್ಲಿ ನೆಕ್ಕಿ ನೋಡಿ, ‘ಉಪ್ಪು ಜಾಸ್ತಿ ಆಗದೆ ಕಣವ್ವ. ನಾಳಿಕ್ಕೆ ಸರಿಯಾಗಿ ಹಾಕು,’ ಎಂದರು. ನಾಳೆಯ ಬಗ್ಗೆ ನಮ್ಮ ಮನೆಯಲ್ಲಿ ಈಗ ಇರುವ ಚಿಂತೆ ಅದೊಂದೇ.

ತಮ್ಮ ಕೂಪನ್ನಿನಲ್ಲಿ ಅಲ್ಲವಾದರೂ, ತಮ್ಮ ಒಳ್ಳೆಯತನದಲ್ಲಿ ಇನ್ನೂ ನಂಬಿಕೆಯಿಟ್ಟಿರುವ
ತಮ್ಮ ವಿಶ್ವಾಸಿ,
ಕರುಣಾವತಿ ದೇವಸಹಾಯ
ಭಾರತೀನಗರ, ಮದ್ದೂರು ತಾಲ್ಲೂಕು

ತಾಜಾ ಕಲಂ: ಫ್ರಿಜ್ಜು ಸುತ್ತಿ ಬಂದಿದ್ದ ರಟ್ಟಿನ ದೊಡ್ಡ ಪೆಟ್ಟಿಗೆ ಮಾತ್ರ ಬಹಳ ಗಟ್ಟಿಯಾದದ್ದು, ಉಪಯುಕ್ತವಾದದ್ದು, ಚಿಕ್ಕಬೋರಮ್ಮನವರು ಅದನ್ನು ಬಿಡಿಸಿ ಹಾಸಿದ ಮೇಲೆ ಕೊಟ್ಟಿಗೆಯ ಕೋಳಿಗಳೆಲ್ಲ ಅದರ ಮೇಲೆಯೇ ಮಲಗುತ್ತವೆ. ಆದ್ದರಿಂದ ಮುಂದಿನ ಹಬ್ಬದ ಡ್ರಾದಲ್ಲೂ ಅಕಸ್ಮಾತ್ ನಮ್ಮ ಹೆಸರೇ ಎದ್ದರೆ, ದಯಮಾಡಿ ಪೆಟ್ಟಿಗೆಯನ್ನು ನಮಗೆ ಕಳುಹಿಸಿ, ಒಳಗಿನದನ್ನು ತಾವೇ ಇಟ್ಟುಕೊಂಡು ಸಂತೃಪ್ತರಾಗಿರಿ.