ಕೆಳಗಿಟ್ಟ ಕಾಫಿ ಬಟ್ಟಲು

ನಜ್ಮಿಯ ಮಂಚದ ಮೇಲೆ ಅವನ ಹೆಂಡತಿಯ ದೊಡ್ಡಪ್ಪ ಮಲಗಲು ಶುರುಮಾಡಿ ಆ ಶುಕ್ರವಾರಕ್ಕೆ ಸರಿಯಾಗಿ ಹತ್ತೊಂಬತ್ತು ದಿನಗಳಾಗಿದ್ದವು. ಆ ದೊಡ್ಡಪ್ಪ ಅಬು ತುರ್ಕಿ, ಅಂದರೆ ತುರ್ಕಿ ಎಂಬವನ ಅಪ್ಪ, ತಮ್ಮ ಹೆಂಡತಿಯ ಮಂಡಿಯನ್ನು ಅಮ್ಮಾನ್ ನಗರದ ಡಾಕ್ಟರಿಗೆ ತೋರಿಸಲೆಂದು ತಮ್ಮೂರು ಕರಕ್‌ನಿಂದ ಮೂರು ದಿನದ ಮಟ್ಟಿಗೆ ಬಂದವರು. ಮಂಡಿ ಆ ಮೂರು ದಿನದಲ್ಲೇ ವಾಸಿಯಾಯಿತು. (ಈಗ ಆ ಹೆಂಡತಿ ಉಮ್ ತುರ್ಕಿ ಮೂರು ಮಹಡಿಯ ಮೆಟ್ಟಿಲನ್ನು ನಜ್ಮಿಗಿಂತ ಮೊದಲು ಹತ್ತಿ, ಮೇಲೆ ನಿಂತು ಅವನಿಗೋಸ್ಕರ ಕಾಯುತ್ತಾರೆ.) ಹೊರಡುವ ಮಾತನ್ನು ಮಾತ್ರ ಯಾರೂ ಎತ್ತಲಿಲ್ಲ. ಯಾವಾಗ ಹೊರಡುತ್ತೀರಿ ಎಂದು ಅತಿಥಿಯನ್ನು ಕೇಳುವ ಗಂಡಸು ಆ ನಾಡಿನಲ್ಲಿ ಇನ್ನೂ ಹುಟ್ಟಿಲ್ಲ. ಹುಟ್ಟಿದ್ದರೂ ಅವನಿಗೆ ಯಾರೂ ಹೆಣ್ಣು ಕೊಟ್ಟಿರಲಾರರು.

ನಜ್ಮಿ ನಡುಮನೆಯಲ್ಲಿ ಚಾಪೆಗಿಂತ ಒಂದು ಬೆರಳು ದಪ್ಪದ ಹಾಸಿಗೆಯ ಮೇಲೆ, ಕಾಲುಗಳನ್ನು ಟೀವಿ ಮೇಜಿನ ಕೆಳಗೆ ತೂರಿಸಿ ಮಲಗುತ್ತಿದ್ದ. ಬೆಳಗಿನ ಜಾವದ ನಮಾಜು ಮುಗಿಸಿದ ಅಬು ತುರ್ಕಿ, ಊರಿನಿಂದ ತಂದ ಮರದ ಒರಳನ್ನು ಅವನ ತಲೆಯಿಂದ ಎರಡು ಮೊಳ ದೂರದಲ್ಲಿ ಇಟ್ಟುಕೊಂಡು ಕಾಫಿಬೀಜ ಕುಟ್ಟುತ್ತಿದ್ದರು. ಸುಮ್ಮನೆ ಕುಟ್ಟುತ್ತಿರಲಿಲ್ಲ, ತಾಳ ಹಾಕಿ ಕುಟ್ಟುತ್ತಿದ್ದರು. ನೀರು ಸರಬರಾಜು ಕಚೇರಿಯಲ್ಲಿ ನಜ್ಮಿ ಬರೆಯುವ ಪತ್ರಗಳು ಕೂಡ ಈಚೆಗೆ ಅದೇ ತಾಳದಲ್ಲಿ ಬರತೊಡಗಿದ್ದವು.

“ಅಪ್ಪ ಹೋದ್ಮೇಲೆ ನನ್ನನ್ನ ಸಾಕಿದ್ದು ಅವ್ರು ಕಣ್ರೀ,” ಎಂದು ಹೆಂಡತಿ ರಬೀಹಾ ಮೊದಲೇ ಎಚ್ಚರಿಸಿದ್ದಳು. “ನಿಮ್ಮ ಬಾಯಿಂದ ಒಂದು ಮಾತು ಬಂತೋ, ನೋಡಿ.”

“ನಾನೇನಂದೆ?”

“ಅನ್ನಲಿಲ್ಲ. ಮುಖದಲ್ಲಿ ಬರ್ಕೊಂಡು ಓಡಾಡ್ತಿದೀರಿ.”

ಬಾಯಿಗೂ ಮುಖಕ್ಕೂ ಪ್ರತಿಬಂಧಕಾಜ್ಞೆ ಜಾರಿಯಾದ ಮೇಲೆ ಉಳಿದದ್ದು ಬುದ್ಧಿಯೊಂದೇ. ಹತ್ತೊಂಬತ್ತನೆಯ ಬೆಳಗ್ಗೆ ಒರಳಿನ ಸದ್ದಿನ ನಡುವೆ ನಜ್ಮಿಗೆ ಜ್ಞಾನೋದಯವಾಯಿತು. ಅತಿಥಿಯನ್ನು ಕಳಿಸಬಾರದು ನಿಜ, ಆದರೆ ಊರಿಗೆ ಊರೇ ಅವರಿಗೆ ಬೇಸರವಾದರೆ? ವೈಬ್ದೆ ಗುಡ್ಡದ ಮೇಲೆ ಹೊಸದೊಂದು ಹೋಟೆಲು ಶುರುವಾಗಿತ್ತು. ಅಲ್ಲಿ ತಿಂಡಿಯೂ ಅಲ್ಲದ ಊಟವೂ ಅಲ್ಲದ ಒಂದನ್ನು ಶುಕ್ರವಾರ ಹತ್ತೂವರೆಯ ಮೇಲೆ ಕೊಡುತ್ತಾರೆ. ಕಚೇರಿಯ ಹುಡುಗಿಯರು ಅದನ್ನು ಹೊಗಳಿದ ರೀತಿಯಲ್ಲೇ, ಅಬು ತುರ್ಕಿಗೆ ಅದು ಹಿಡಿಸುವುದಿಲ್ಲ ಎಂದು ನಜ್ಮಿಗೆ ಖಾತ್ರಿಯಾಗಿತ್ತು.

“ಮಾವ, ಇವತ್ತು ಮನೇಲಿ ಏನೂ ತಿನ್ಬೇಡಿ,” ಎಂದ. “ಹೊರಗೆ ಕರ್ಕೊಂಡು ಹೋಗ್ತೀನಿ.”

ರಬೀಹಾ ಗಂಡನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಹದಿನಾರು ವರ್ಷದ ಸಂಸಾರದಲ್ಲಿ ಅವನು ಯಾರನ್ನೂ ತಾನಾಗಿ ಹೊರಗೆ ಕರೆದುಕೊಂಡು ಹೋದವನಲ್ಲ.

ನಸುಕಿನಲ್ಲೇ ಎದ್ದ ಮುದುಕ ದಂಪತಿಯನ್ನು ರಬೀಹಾಳ ಜೊತೆ ಹತ್ತೂವರೆಗೆ ತಂದು ಕೂರಿಸಿದಾಗ ಅವರ ಹೊಟ್ಟೆ ಅವರಿಗಿಂತ ಮೊದಲು ಮಾತಾಡುತ್ತಿತ್ತು. ಕುರ್ಚಿಗಳು ಎತ್ತರವಾಗಿದ್ದವು, ಅಬು ತುರ್ಕಿಯ ಕಾಲುಗಳು ನೆಲ ಮುಟ್ಟದೆ ತೂಗಾಡಿದವು. ಅರ್ಧ ಗಂಟೆಯ ಮೇಲೆ ಮರದ ಹಲಗೆಯೊಂದು ಬಂತು. ಹಲಗೆಯ ಮೇಲೆ ಸುಟ್ಟ ಬ್ರೆಡ್ಡು, ಬ್ರೆಡ್ಡಿನ ಮೇಲೆ ಹಸಿರು ಬೆಣ್ಣೆಹಣ್ಣಿನ ಮುದ್ದೆ, ಮುದ್ದೆಯ ಮೇಲೆ ಅರೆಬೆಂದು ನಡುಗುವ ಮೊಟ್ಟೆ.

“ತಟ್ಟೆ ಇಲ್ವಾ ಇವ್ರ ಹತ್ರ?” ಎಂದರು ಅಬು ತುರ್ಕಿ.

“ಇದೇ ತಟ್ಟೆ, ಮಾವ.”

“ಇದ್ರ ಮೇಲೆ ನಾವು ಈರುಳ್ಳಿ ಹೆಚ್ತೀವಿ.”

ಅವರೆಯಂಥ, ಬೇಯಿಸಿದ ಫೂಲ್ ಕಾಳೂ ಬಂತು. ಉಪ್ಪಿನಕಾಯಿ ಹಾಕುವಷ್ಟು ಸಣ್ಣ ಬೋಗುಣಿ. ಉಮ್ ತುರ್ಕಿ ಬೆರಳಿಟ್ಟು ಎಣಿಸಿದರು. “ಹನ್ನೊಂದು ಕಾಳಿದೆ,” ಎಂದರು. “ನಾಲ್ಕು ಜನ ಹಂಚ್ಕೊಳ್ಳೋದು ಹ್ಯಾಗಮ್ಮ?”

“ಎಣ್ಣೆ ಎಲ್ಲಿ?” ಎಂದರು ಅಬು ತುರ್ಕಿ. “ರೊಟ್ಟಿ ಎಲ್ಲಿ? ಈ ಮೊಟ್ಟೆ ಯಾಕೆ ಹೆದರ್ಕೊಂಡಿದೆ?”

ನಜ್ಮಿ ತಲೆ ತಗ್ಗಿಸಿ ಪಶ್ಚಾತ್ತಾಪವನ್ನು ಅಭಿನಯಿಸಿದ. ಒಳಗೆ ಅವನ ಮಂಚ ಒಂದೊಂದೇ ಗೇಣು ಹತ್ತಿರ ಬರುತ್ತಿತ್ತು.

ಕಡೆಗೆ ಅಬು ತುರ್ಕಿ ಹಲಗೆಯನ್ನು ಆಚೆ ತಳ್ಳಿ ಕಿಟಕಿಯಾಚೆ ನೋಡುತ್ತಾ ಹೇಳಿದರು: “ಊರು ಕೆಟ್ಟುಹೋಗಿದೆಯಪ್ಪ. ನಮ್ಮಂಥವ್ರಿಗೆ ಇದಲ್ಲ. ನಾಳೆ ಬೆಳಗ್ಗೆ ಹೊರಡ್ತೀವಿ.”

ಆಹಾ, ಆ ಮಾತಿನ ಇಂಪು! ಮೇಜಿನ ಕೆಳಗೆ ನಜ್ಮಿಯ ಬಲಗೈ ತಾನಾಗಿಯೇ ಫೋನು ತೆಗೆದು ಕರಕ್ ಬಸ್ಸಿನ ವೇಳೆ ಹುಡುಕತೊಡಗಿತು. ಅಷ್ಟರಲ್ಲಿ ಅಬು ತುರ್ಕಿ, ಬಾಯಿಯ ಹಸಿರು ತೊಳೆಯಲೆಂದು, ಜೊತೆಗೆ ತಂದಿದ್ದ ಫ್ಲಾಸ್ಕನ್ನೂ ಹಿಡಿಕೆಯಿಲ್ಲದ ಪುಟ್ಟ ಬಟ್ಟಲನ್ನೂ ಚೀಲದಿಂದ ತೆಗೆದರು. ತಾವೇ ಕುಟ್ಟಿ ಕಾಯಿಸಿದ ಕಹಿ ಕಾಫಿಯನ್ನು ಒಂದು ಗುಟುಕು ಬಗ್ಗಿಸಿ ಮೊದಲು ಅಳಿಯನಿಗೆ ಕೊಟ್ಟರು. ನಜ್ಮಿ ಎಡಗೈಯಲ್ಲಿ ತೆಗೆದುಕೊಳ್ಳುವ ಅಪಚಾರ ಮಾಡಲಿಲ್ಲ. ಫೋನನ್ನು ಎಡಗೈಗೆ ಬದಲಿಸಿ, ಬಲಗೈಯಲ್ಲಿ ಬಟ್ಟಲು ಪಡೆದು, ಏಳು ಗಂಟೆಯ ಬಸ್ಸೋ ಎಂಟರದೋ ಎಂಬ ಗುಂಗಿನಲ್ಲಿ ಅದನ್ನು ಹಾಗೆಯೇ ಮೇಜಿನ ಮೇಲಿಟ್ಟ.

ಉಮ್ ತುರ್ಕಿ ಗಂಡನ ಮುಖ ನೋಡಿದರು. ಪಕ್ಕದ ಮೇಜಿನಲ್ಲಿ ಮೊಮ್ಮಕ್ಕಳ ಜೊತೆ ಬಂದಿದ್ದ ಮುದುಕರೊಬ್ಬರು ಅಗಿಯುವುದನ್ನು ನಿಲ್ಲಿಸಿದರು.

“ಕುಡಿ ಅಳಿಯ,” ಎಂದರು ಅಬು ತುರ್ಕಿ, ದನಿ ಇಳಿಸಿ.

“ಇರ್ಲಿ ಮಾವ, ಆಮೇಲೆ,” ಎಂದ ನಜ್ಮಿ, ಕಣ್ಣು ಎತ್ತದೆ. ಎಂಟರ ಬಸ್ಸೇ ವಾಸಿ ಅನ್ನಿಸುತ್ತಿತ್ತು.

ರಬೀಹಾ ಅವನ ಕಾಲು ತುಳಿದಳು. ತಲೆ ಎತ್ತಿ ನೋಡಿದಾಗ ಮೇಜಿನ ಮೇಲೆ ಬಟ್ಟಲು ತುಟಿ ಸೋಕದೆ ಕೂತಿತ್ತು. ಆಗ ಅವನಿಗೆ ನೆನಪಾಯಿತು. ಹೆಣ್ಣು ಕೇಳಲು ಹೋದ ಹಿರಿಯರು ಹೀಗೆ ಇಡುತ್ತಾರೆ. ಕೊಲೆಯ ವೈರಕ್ಕೆ ರಾಜಿ ಕೇಳಲು ಹೋದವರು ಇಡುತ್ತಾರೆ. ನನ್ನದೊಂದು ಕೋರಿಕೆಯಿದೆ, ನಡೆಸಿಕೊಟ್ಟರೆ ಮಾತ್ರ ನಿನ್ನ ಕಾಫಿ ಕುಡಿಯುತ್ತೇನೆ ಎಂದು ಅದರ ಅರ್ಥ. ಇಟ್ಟ ಮೇಲೆ ಸುಮ್ಮನೆ ಇಟ್ಟೆ ಎಂದರೆ ಕಾಫಿ ಕೊಟ್ಟವರ ಗಡ್ಡಕ್ಕೇ ಕೈ ಹಾಕಿದಂತೆ.

“ಇಪ್ಪತ್ತು ವರ್ಷ ಆಯ್ತು,” ಎಂದರು ಅಬು ತುರ್ಕಿ ಮೆಲ್ಲಗೆ. “ಒಂದು ಕಾಲದಲ್ಲಿ ನನ್ನ ಮುಂದೆ ಬಟ್ಟಲು ಇಡೋರು ಸಾಲಾಗಿ ಬರ್ತಿದ್ರು. ಈಗೆಲ್ಲಾ ಕೋರ್ಟಿಗೆ ಹೋಗ್ತಾರೆ. ಕೇಳಪ್ಪ. ಏನು ಬೇಕು?”

ನನ್ನ ಮಂಚ ಎಂದು ಹೇಳಲು ನಜ್ಮಿಯ ಬಾಯಿ ತೆರೆದುಕೊಂಡಿತು. ಮುದುಕರ ಕಣ್ಣಂಚು ಒದ್ದೆಯಾದದ್ದು ಕಂಡು ಹಾಗೇ ನಿಂತಿತು. ಅವನಿಗೆ ನಿಜವಾಗಿ ಕರುಳು ಚುರುಕ್ಕೆಂದಿತು. “ಏನಿಲ್ಲ... ಅಂದ್ರೆ... ನೀವು ನಾಳೆ ಬೆಳಗ್ಗೆ...” ಎಂದು ತೊದಲಿದ.

“ಅಯ್ಯೋ ಕೂಸೇ,” ಎಂದು ಉಮ್ ತುರ್ಕಿ ಕಣ್ಣೊರೆಸಿಕೊಂಡರು. “ಹೊರಡ್ತೀವಿ ಅಂದ ತಕ್ಷಣ ಬಟ್ಟಲು ಇಟ್ಟ, ನೋಡಿದ್ರಾ? ಕೇಳೋಕೆ ನಾಚಿಕೆ ಪಾಪ.”

“ನೋಡ್ದೆ,” ಎಂದರು ಅಬು ತುರ್ಕಿ. “ಹೊಟ್ಟೇಲಿ ಹುಟ್ಟಿದ ತುರ್ಕಿ ಬಸ್ ಸ್ಟ್ಯಾಂಡಿಗೆ ಬಿಟ್ಟು ಹೋದ, ತಿರುಗಿ ನೋಡ್ಲಿಲ್ಲ. ಈ ಹುಡುಗ ಇಷ್ಟು ಜನರ ಮುಂದೆ ಬಟ್ಟಲು ಇಟ್ಟ.” ಎದೆಯ ಮೇಲೆ ಅಂಗೈ ಇಟ್ಟರು. “ಕುಡಿಯಪ್ಪ. ಕೊಟ್ಟೆ. ನಾಳೆ ಹೊರಡಲ್ಲ. ರಂಜಾನ್ ಕಳೀಲಿ, ಹಬ್ಬಾನೂ ಕಳೀಲಿ.”

ರಂಜಾನಿಗೆ ಇನ್ನೂ ಐದು ವಾರವಿತ್ತು. ಪಕ್ಕದ ಮೇಜಿನ ಮುದುಕರು ಎದ್ದು ಬಂದು ನಜ್ಮಿಯ ಹೆಗಲು ತಟ್ಟಿ, ಇಂಥ ಅಳಿಯ ಎಲ್ಲರಿಗೂ ಸಿಗಲಿ ಎಂದು ಹರಸಿದರು. ನಜ್ಮಿ ಆರಿದ ಕಾಫಿಯನ್ನು ಗಂಟಲಿಗೆ ಸುರಿದುಕೊಂಡ. ಅಷ್ಟು ಕಹಿಯಾದದ್ದನ್ನು ಅವನು ಜನ್ಮದಲ್ಲಿ ಕುಡಿದಿರಲಿಲ್ಲ.

“ನಿಮ್ಮಲ್ಲಿ ಇಷ್ಟು ಪ್ರೀತಿ ಇತ್ತು ಅಂತ ನಂಗೆ ಗೊತ್ತೇ ಇರ್ಲಿಲ್ಲ,” ಎಂದಳು ರಬೀಹಾ. ಅವಳ ಕಣ್ಣು ಮೇಜಿನ ಕೆಳಗೆ, ಬಸ್ಸಿನ ವೇಳಾಪಟ್ಟಿ ಹೊಳೆಯುತ್ತಿದ್ದ ಫೋನಿನ ಮೇಲಿತ್ತು. “ಅದನ್ನ ಆರಿಸಿ ಜೇಬಿಗಿಡಿ.”

ಅಬು ತುರ್ಕಿ ಆಗಲೇ ತಮ್ಮ ಫೋನಿನಲ್ಲಿ ಕರಕ್‌ಗೇ ಕೇಳುವಂತೆ ಮಗನೊಡನೆ ಮಾತಾಡುತ್ತಿದ್ದರು. “ಅಳಿಯ ಬಟ್ಟಲು ಇಟ್ಟ ಕಣೋ, ನಾವು ಬರಲ್ಲ. ನೀನೇ ಬಾ, ಮಕ್ಕಳನ್ನೂ ಕರ್ಕೊಂಡು ಬಾ. ಜನ ಅಂದ್ರೆ ಪ್ರಾಣ ಬಿಡ್ತಾನೆ ಇವ್ನು.” ಹೇಳುತ್ತಲೇ ಇನ್ನೊಂದು ಗುಟುಕು ಬಗ್ಗಿಸಿ ಬಟ್ಟಲನ್ನು ಅಳಿಯನತ್ತ ಚಾಚಿದರು.

ತುರ್ಕಿಗೆ ಆರು ಮಕ್ಕಳು. ನಜ್ಮಿ ಬಟ್ಟಲನ್ನು ಅವರ ಕೈಯಿಂದಲೇ ಬಾಯಿಗೆ ಎತ್ತಿ, ಬಿಸಿ ಲೆಕ್ಕಿಸದೆ ನುಂಗಿ, ಸಾಕೆಂದು ಮೂರು ಸಲ ಅಲ್ಲಾಡಿಸಿ, ನೆಟ್ಟಗೆ ಅವರ ಕೈಗೇ ಕೊಟ್ಟ. ಮೇಜಿನ ಹತ್ತಿರಕ್ಕೂ ಒಯ್ಯಲಿಲ್ಲ.