ಸಾವಕಾರರ ಎಲೆ ಎತ್ತಿಟ್ಟ ಅತ್ತೆ

೧೯೯೧, ಡಿಸೆಂಬರ್ ೧೪, ಶನಿವಾರ, ಮಧ್ಯಾಹ್ನ ಮೂರೂವರೆ, ನಿಪ್ಪಾಣಿ. ನಮ್ಮ ಸೋದರತ್ತೆ ಸೂರ್ಯನೊಂದಿಗೆ ಜಗಳಕ್ಕೆ ನಿಂತ ಹೊತ್ತಿದು. ಉತ್ಪ್ರೇಕ್ಷೆ ಎನ್ನುತ್ತೀರಾ? ಹಾಗಾದರೆ ನೀವು ನಮ್ಮ ಅತ್ತೆಯನ್ನು ನೋಡಿಲ್ಲ. ಅವರ ಊರು ಸದಲಗಾದಲ್ಲಿ ಸೂರ್ಯ ಮುಳುಗುವ ಮೊದಲು ಅವರ ಹಿತ್ತಲಿಗೆ ಇಣುಕಿ, “ಎಲ್ಲರ ಊಟ ಆಯಿತೇ ತಾಯಿ, ನಾನಿನ್ನು ಹೋಗಲೇ?” ಎಂದು ಅಪ್ಪಣೆ ಕೇಳಿಯೇ ಹೋಗುತ್ತಾನೆಂಬುದು ನನ್ನ ಬಲವಾದ ಗುಮಾನಿ.

ಹೊತ್ತು ಮುಳುಗುವುದರೊಳಗೆ ಉಣ್ಣುವುದು ನಮ್ಮ ಜೈನ ಮನೆಗಳಲ್ಲಿ ತಲೆಮಾರುಗಳ ಪದ್ಧತಿ. ದೀಪಕ್ಕೆ, ಒಲೆಗೆ ಹುಳ ಬಿದ್ದು ಸಾಯಬಾರದು ಎಂಬುದು ಅದರ ಕಾರಣ. ಅದರಲ್ಲಿ ವಿಚಿತ್ರವೇನೂ ಇಲ್ಲ. ವಿಚಿತ್ರವೆಂದರೆ, ಅತ್ತೆ ಅದನ್ನು ಕಣ್ಣಿಗೆ ಬಿದ್ದವರಿಗೆಲ್ಲ ಅನ್ವಯಿಸುತ್ತಿದ್ದರು. ಒಮ್ಮೆ ರಾಯಬಾಗದ ಲಗ್ನ ಮುಗಿಸಿ ಬರುವಾಗ ಬಸ್ಸು ತಡವಾಯಿತು. ಸೂರ್ಯ ಕಬ್ಬಿನ ಸುಳಿ ಮುಟ್ಟಿದ್ದೇ ತಡ, ಅತ್ತೆ ಬಸ್ಸು ನಿಲ್ಲಿಸಿ ಬುತ್ತಿ ಬಿಚ್ಚಿದರು.

“ಅವ್ವಾರ, ನಾ ಡ್ಯೂಟಿ ಮ್ಯಾಲ ಇದ್ದೀನ್ರಿ” ಎಂದ ಕಂಡಕ್ಟರ್.

“ಡ್ಯೂಟಿ ನಿನ್ನ ಹೊಟ್ಟಿ ತುಂಬತೈತೇನೋ? ಕೈ ಒಡ್ಡು!”

ಆ ದಿನದ ನನ್ನ ಟಿಪ್ಪಣಿ ಹೀಗಿದೆ: ವಿಳಂಬ, ಇಪ್ಪತ್ತು ನಿಮಿಷ. ತಕರಾರು, ಇಲ್ಲ. ಕಂಡಕ್ಟರ್ ತಿಂದ ಚಪಾತಿ, ನಾಲ್ಕು. ಅತ್ತೆಯ ಬುತ್ತಿಯೆದುರು ಕರ್ತವ್ಯನಿಷ್ಠೆ ನಾಲ್ಕು ಚಪಾತಿಯಷ್ಟೂ ಬಾಳಲಿಲ್ಲ!

ಇಂಥವರನ್ನು ನಮ್ಮ ಯುವಕ ಸಂಘದ ಜಾಣರು ಸಹಾಯಾರ್ಥ ಕಾರ್ಯಕ್ರಮದ ಅಡುಗೆಗೆ ಕರೆತಂದರು. ಸಂಘ ಬೀಡಿ ಕಟ್ಟುವ ಹುಡುಗಿಯರಿಗೆ ಸಂಜೆ ಪುಕ್ಕಟೆ ಹೊಲಿಗೆ ಕಲಿಸುತ್ತಿತ್ತು. ಕೊಟ್ಟಿದ್ದ ಕೋಣೆಯನ್ನು ಶಾಲೆಯವರು ಹೊಸ ವರ್ಷಕ್ಕೆ ವಾಪಸು ಕೇಳಿದ್ದರು. ಬೇರೆ ಜಾಗ ಸಿಗದಿದ್ದರೆ ತರಗತಿಗೆ ಬೀಗ. ಊರಿನ ಒಬ್ಬ ತಂಬಾಕು ಸಾವಕಾರರ ಹಳೆಯ ಗೋದಾಮು ಖಾಲಿ ಬಿದ್ದಿತ್ತು. ಆದ್ದರಿಂದ ಅವರೇ ಮುಖ್ಯ ಅತಿಥಿಗಳು. ಸಾವಕಾರರು ಊಟಪ್ರಿಯರು, ಹೊಟ್ಟೆ ತುಂಬಿಸಿದರೆ ಕೀಲಿಕೈ ತಾನಾಗಿ ಕಿಸೆಯಿಂದ ಜಾರುತ್ತದೆ ಎಂಬುದು ನಮ್ಮ ಕಾರ್ಯದರ್ಶಿಯ ಮಹಾ ರಾಜಕಾರಣ.

ಕಾರ್ಯಕ್ರಮ ಆರಕ್ಕೆ ಎಂದು ಕರಪತ್ರದಲ್ಲಿತ್ತು. ಆರು ಎಂದರೆ ಏಳು, ಏಳು ಎಂದರೆ ಅತಿಥಿಗಳು ಬಂದಾಗ. ಇದು ತಿಳಿಯದವರು ಯಾರು? ಅತ್ತೆ ಒಬ್ಬರೇ! ಐದಕ್ಕೆ ಸರಿಯಾಗಿ ಎಲೆ ಹಾಕಿಸಿಬಿಟ್ಟರು. ಬಣ್ಣ ಹಚ್ಚಿಕೊಂಡ ನಾಟಕದವರನ್ನೂ ಎಳೆತಂದು ಪಂಕ್ತಿಯಲ್ಲಿ ಕೂರಿಸಿದರು.

“ಕಾಕೂ, ಮೀಸಿ ಅಂಟಿಸೇನ್ರಿ” ಎಂದು ರಾಜನ ಪಾತ್ರದವನು ಗೋಗರೆದ.

“ಮೀಸಿ ಉಪಾಸ ಇರಲಿ. ನೀ ಉಣ್ಣು.”

ಮೀಸೆ ಉಪವಾಸ ಇರಲಿಲ್ಲ. ಅರ್ಧ ಸಾರಿನಲ್ಲಿ ಕರಗಿತು. ಉಳಿದರ್ಧದಿಂದಲೇ ಅವನು ಅಂದು ರಾಜ್ಯವಾಳಿದ. ಮೂರು ಸಲ ಹುಗ್ಗಿ ಹಾಕಿಸಿಕೊಂಡ ತಬಲಾದವನಂತೂ ಪರದೆ ಏಳುವ ಮುನ್ನವೇ ತಬಲಾಕ್ಕೆ ತಲೆಯಿಟ್ಟು ಗೊರಕೆಯಲ್ಲಿ ತಾಳ ಹಿಡಿದಿದ್ದ.

ಆರರ ಸುಮಾರಿಗೆ ಸೂರ್ಯ ಮುಳುಗಿದ. ಅತ್ತೆ ಒಲೆಯ ಕೆಂಡಕ್ಕೆ ನೀರು ಹಾಕಿ, ಉಳಿದ ಅನ್ನ ಹುಗ್ಗಿಯನ್ನು ಹೊರಗೆ ನಿಂತವರಿಗೆ ಹಂಚಿ, ಪಾತ್ರೆ ಬೆಳಗಿ ಬೋರಲು ಹಾಕಿದರು. ಏಳು ಗಂಟೆಗೆ ಸಾವಕಾರರ ಜೀಪು ಬಂತು. ಅವರು ವೇದಿಕೆಯತ್ತ ಹೋಗದೆ ಅಭ್ಯಾಸಬಲದಿಂದ ನೇರವಾಗಿ ಹಿಂಭಾಗದ ಅಡುಗೆಯ ಚಪ್ಪರಕ್ಕೇ ಬಂದರು.

“ಕಾಯ್ ವಹಿನಿ, ಹುಗ್ಗಿ ಘಮ ಘಮ ಅಂತೈತಿ! ಎಲಿ ಹಾಕ್ರಿ ಮತ್ತ!” ಅತ್ತೆ ಅವರಿಗೆ ಮರಾಠಿಯ ‘ವಹಿನಿ’, ಅಂದರೆ ಅತ್ತಿಗೆ.

“ನಿಮ್ಮ ಎಲಿ ಐದಕ್ಕ ಹಾಕಿತ್ರಿ, ಸಾವಕಾರ್ರ. ಹೊತ್ತ ಮುಳುಗೂತನಾ ಕಾಯ್ತು. ಆಮ್ಯಾಲ ಎತ್ತಿಟ್ಟೆ.”

“ಒಂದ್ ತುತ್ತರೆ?”

“ನಾಳಿ ಮುಂಜಾನಿ ಬರ್ರಿ.”

ಕಾರ್ಯದರ್ಶಿ ನನ್ನ ತೋಳು ಹಿಡಿದು, “ಹೋತಲೇ, ಗೋದಾಮ ಹೋತು! ನಿಮ್ಮತ್ತಿ ಕೀಲಿಕೈ ನುಂಗಿದ್ರು!” ಎಂದು ಅಳುವುದೊಂದೇ ಬಾಕಿ. ಸಾವಕಾರರು ಖಾಲಿ ಹೊಟ್ಟೆಯಲ್ಲಿ ಹೋಗಿ ಮುಂದಿನ ಕುರ್ಚಿಯಲ್ಲಿ ಕೂತರು. ಸ್ವಾಗತ ಭಾಷಣಕ್ಕೆ ಅವರು ಆಕಳಿಸಿದ್ದನ್ನು ನಾನು ಪರದೆಯ ಸಂದಿಯಿಂದ ಎಣಿಸಿದೆ. ಹನ್ನೊಂದು ಸಲ!

ಅಷ್ಟರಲ್ಲಿ ಹಿಂದಿನ ಬಾಗಿಲಲ್ಲಿ ಏಳು ಹುಡುಗಿಯರು ಬಂದು ನಿಂತರು. ನಮ್ಮ ಹೊಲಿಗೆ ತರಗತಿಯವರು. ನಾಟಕವಾದ ಮೇಲೆ ಝಲ್ ಝಲ್ ತಾಳದ ಲೇಝೀಮ್ ಹಿಡಿದು ಕುಣಿಯಬೇಕಾದವರು. ಕಟ್ಟಿದ ಬೀಡಿ ಎಣಿಸಿ ನೋಡಿ ಒಪ್ಪಿಸಿಕೊಳ್ಳುವವನು ಅಂದೇ ಅವರನ್ನು ತಡಮಾಡಿ ಬಿಟ್ಟಿದ್ದನಂತೆ. ಓಡಿ ಬಂದಿದ್ದರು. ಬೆರಳಿಗೆಲ್ಲ ತಂಬಾಕಿನ ಪುಡಿ.

“ಯಾವಾಗ ಉಂಡೀರಿ?” ಅತ್ತೆ ಕೇಳಿದರು.

“ಮುಂಜಾನೆ ರೊಟ್ಟಿ ತಿಂದೇವಿ, ಆಯಿ” ಎಂದಳು ಅವರಲ್ಲಿ ಹಿರಿಯಳು. “ಇರಲಿ ಬಿಡ್ರಿ. ಹೊತ್ತ ಮುಳಗೇತಿ. ನಿಮ್ಮ ನೇಮ ನಮಗ ಗೊತ್ತೈತಿ.”

ಅತ್ತೆ ಬೋರಲು ಹಾಕಿದ ಪಾತ್ರೆಗಳನ್ನು ನೋಡಿದರು. ಹುಡುಗಿಯರನ್ನು ನೋಡಿದರು. ಆಮೇಲೆ ನನ್ನತ್ತ ತಿರುಗಿ, “ಏನ್ ನೋಡ್ತಿ ಲೇ? ಕಟಿಗಿ ತಾ!” ಎಂದರು.

ನಾನು ಬೆರಗಾಗಿ ಕಟ್ಟಿಗೆ ತಂದೆ. ಅತ್ತೆ ಚಪ್ಪರದ ಬಲ್ಬು ಆರಿಸಿ, ಒಂದು ಕಂದೀಲು ಹೊತ್ತಿಸಿ ನನ್ನ ಕೈಗೆ ಕೊಟ್ಟು, ದೂರದ ಗೋಡೆಯತ್ತ ಬೆರಳು ತೋರಿಸಿದರು.

“ಗಾಜಿನ ಸುತ್ತ ತೆಳ್ಳನ್ನ ಅರಬಿ ಸುತ್ತು. ಅಲ್ಲಿ ಹಿಡಕೊಂಡು ನಿಲ್ಲು. ಹುಳ ಎಲ್ಲಾ ನಿನ್ನ ಕಡೆ ಬರಲಿ. ಒಂದರೆ ಸತ್ತೀತು, ನೋಡಕೋ!”

ಕಾರ್ಯಕಾರಿ ಸಮಿತಿಯ ಸದಸ್ಯ, ಪದವಿ ತರಗತಿಯ ವಿದ್ಯಾರ್ಥಿ, ಅಂದು ಹುಳಗಳ ಸ್ವಾಗತ ಸಮಿತಿಯ ಏಕೈಕ ಅಧ್ಯಕ್ಷನಾಗಿ ಗೋಡೆಗೊರಗಿ ನಿಂತ! ಅಲ್ಲಿಂದಲೇ ನೋಡಿದೆ: ಒಲೆ ಹೊತ್ತಿತು, ಜೋಳದ ರೊಟ್ಟಿ ಬಡಿಯುವ ಸದ್ದು ಎದ್ದಿತು, ಕಡಲೆಹಿಟ್ಟಿನ ಜುಣಕ ಕೊತಕೊತ ಕುದಿಯಿತು. ಹುಡುಗಿಯರು ಮಾತಿಲ್ಲದೆ ಉಂಡರು. ವಾಸನೆಗೆ ಸಾವಕಾರರು ಮತ್ತೆ ಹಾಜರು!

“ಈಗ ಒಲಿ ಹೊತ್ತೇತಲ್ರಿ, ವಹಿನಿ?”

“ಇದು ಹುಡುಗ್ಯಾರಿಗೆ ಹೊತ್ತೇತ್ರಿ. ಕಡೀಕ ಕೂಡ್ರಿ. ಉಳದ್ರ ನಿಮಗ.”

ಊರಿಗೇ ದೊಡ್ಡವರಾದ ಸಾವಕಾರರು ಬೀಡಿ ಕಟ್ಟುವ ಹುಡುಗಿಯರ ಸಾಲಿನ ಕೊನೆಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತರು. ಉಳಿದದ್ದು ಅರ್ಧ ರೊಟ್ಟಿ, ಅದಕ್ಕೆ ಸವರಲು ಚೂರು ಜುಣಕ. ಆಮೇಲೆ ಹುಡುಗಿಯರು ವೇದಿಕೆ ಅದುರುವಂತೆ ಲೇಝೀಮ್ ಕುಣಿದರು. ಮುಗಿದ ಮೇಲೆ ಸಾವಕಾರರು ಹಿಂದೆ ಬಂದು, “ಸೋಮವಾರ ಗೋದಾಮಿನ ಕೀಲಿ ಒಯ್ರಿ” ಎಂದರು. ತುಸು ತಡೆದು, “ವಹಿನಿ, ಉದ್ಘಾಟನೆಗೆ ನಾ ನಾಕಕ್ಕೇ ಬಂದ ಕೂಡ್ತೀನಿ!” ಎಂದೂ ಸೇರಿಸಿದರು.

ತರಗತಿ ಆ ಗೋದಾಮಿನಲ್ಲಿ ವರ್ಷಗಟ್ಟಲೆ ನಡೆಯಿತು. ಆ ಏಳು ಜನ ಲಗ್ನವಾಗಿ ಕಾಗವಾಡ, ಅಥಣಿ, ಕೊಲ್ಹಾಪುರದ ಕಡೆ ಚದುರಿದರು. ಅತ್ತೆಗೆ ಈಗ ಕಣ್ಣು ಮಂಜು. ಹೊತ್ತು ಮುಳುಗಿತೇ ಎಂದು ನಮ್ಮನ್ನೇ ಕೇಳಿ ಕೈತೊಳೆಯುತ್ತಾರೆ. ಮೊನ್ನೆ ಒಂದು ಸಂಜೆ ಇದ್ದಕ್ಕಿದ್ದಂತೆ ಕೇಳಿದರು:

“ಅವತ್ತ ಹುಡುಗ್ಯಾರಿಗೆ ಜುಣಕ ಮಾಡಿದ್ನಲ್ಲ, ಉಪ್ಪ ಬರೋಬರಿ ಆಗಿತ್ತೇನೋ? ಹೊತ್ತ ಮುಳುಗಿತ್ತು, ನಾ ಬಾಯಾಗ ಹಾಕಿ ನೋಡ್ಲಿಲ್ಲ. ಹಂಗ ಬಡಿಸಿಬಿಟ್ಟೆ.”

“ಸಾವಕಾರ್ರು ಛಲೋ ಆಗಿತ್ತು ಅಂದಿದ್ರಲ್ಲ, ಅತ್ತಿ.”

“ಅವರೇನ ಅಂತಾರ? ಹಸದಿದ್ರು. ಆ ಹುಡುಗ್ಯಾರು ಪಾಪ, ಸಪ್ಪಗಿದ್ರೂ ಬಾಯಿ ಬಿಟ್ಟ ಹೇಳೂವರಲ್ಲ.”

ಇಷ್ಟು ವರ್ಷ ಅವರು ಇದನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದರು. ಆಕಳಿಕೆ ಎಣಿಸಿದ ನಾನು ಇದನ್ನು ಯಾರನ್ನೂ ಕೇಳಿರಲಿಲ್ಲ. ಓದುಗರೇ, ಆ ಏಳು ಜನರಲ್ಲಿ ನೀವೂ ಒಬ್ಬರಾಗಿದ್ದರೆ, ಅಥವಾ ಅವರಲ್ಲಿ ಒಬ್ಬರ ಮನೆ ನಿಮಗೆ ಗೊತ್ತಿದ್ದರೆ, ದಯವಿಟ್ಟು ಒಂದು ಕಾರ್ಡು ಬರೆಯಿರಿ. ಉಪ್ಪು ಸರಿಯಿತ್ತೇ? ಅಷ್ಟೇ ಸಾಕು. ಕಡಿಮೆಯಿದ್ದರೂ ಸಂಕೋಚಪಡದೆ ಬರೆಯಿರಿ. ಅತ್ತೆಗೆ ಓದಿ ಹೇಳುವವನು ನಾನೇ.