ಕೆಂಪು ದೀಪ ಆರಿದ್ದರೆ ಓಡುತ್ತಿದೆ ಎಂದರ್ಥ

ಕ್ಯಾಮೆರಾ ಕೈಗೆತ್ತಿಕೊಂಡಾಗಲೆಲ್ಲ ಅಪ್ಪ ಬನಿಯನ್ನಿನ ಅಂಚಿನಿಂದ ಅದರ ಗಾಜು ಒರೆಸಿ, "ಉಫ್" ಎಂದು ಒಮ್ಮೆ ಊದುತ್ತಾರೆ. ಮುಂಬಯಿ ಹತ್ತಿರ ಡೊಂಬಿವಲಿಯ ನಮ್ಮ ಹೋಟೆಲಿನ ಗಲ್ಲಾದಲ್ಲಿ ಕೂತು ಕನ್ನಡಕ ಒರೆಸುವುದೂ ಹೀಗೆಯೇ. ಬನಿಯನ್ನಿನಲ್ಲಿ ಹೋಟೆಲಿನ ಎಣ್ಣೆ ಇರುವುದರಿಂದ ಒರೆಸಿದ ಮೇಲೆ ಗಾಜು ಮೊದಲಿಗಿಂತ ಮಬ್ಬಾಗುತ್ತದೆ. ಇಂಥವರ ಕೈಯಲ್ಲಿ ಅಂಗೈಯಗಲದ ವಿಡಿಯೋ ಕ್ಯಾಮೆರಾ ಇದ್ದರೆ ಮನೆಯಲ್ಲಿ ಏನಾದರೊಂದು ಆಗುತ್ತಲೇ ಇರುತ್ತದೆ. ಅಮ್ಮ ಹೋದ ಮೇಲೂ ಅದು ನಿಂತಿಲ್ಲ.

ಅಮ್ಮ ತೀರಿಕೊಂಡಂದಿನಿಂದ ಅಪ್ಪನಿಗೆ ಒಂದೇ ಹಂಬಲ. ಅಮ್ಮ ಹಸಿರು ಸೀರೆ ಉಟ್ಟು ಬಾಲ್ಕನಿಯಲ್ಲಿ ನಿಂತದ್ದನ್ನು ಹಿಂದೊಮ್ಮೆ ತೆಗೆದಿದ್ದರಂತೆ. ನಕ್ಕಿದ್ದಳಂತೆ, ಊರಿನ ಮಾತು ಏನೇನೋ ಆಡಿದ್ದಳಂತೆ. ಅದನ್ನು ನೋಡಬೇಕು. ಕಾಯಿಲೆ ಬಿದ್ದ ಮೇಲೆ ನಾವು ಚಿತ್ರ ತೆಗೆಯಲು ಫೋನು ಎತ್ತಿದರೆ ಅಮ್ಮ ಮುಖ ತಿರುಗಿಸುತ್ತಿದ್ದಳು. ಹಾಗಾಗಿ ನಡೆದಾಡುವ, ನಗುವ ಅಮ್ಮ ಇರುವುದು ಆ ಟೇಪಿನಲ್ಲಿ ಮಾತ್ರ.

ಎಚ್ಚರಿಕೆಗಳು

ಕ್ಯಾಮೆರಾ ತಂದದ್ದು ಮಾಮ, ಅಮ್ಮನ ತಮ್ಮ. ಮಸ್ಕತ್ತಿನಲ್ಲಿ ಕೆಲಸ, ತನ್ನ ಮದುವೆಗೆಂದು ರಜೆಯಲ್ಲಿ ಬಂದಿದ್ದ. ಜೊತೆಗೆ ಒಂದು ದಪ್ಪ ಇಂಗ್ಲಿಷ್ ಪುಸ್ತಕ. ನಾನಾಗ ಪ್ರೈಮರಿ ಸ್ಕೂಲು.

"ಓದು ಮಗಾ. ಇಂಗ್ಲಿಷ್ ಮೀಡಿಯಮ್ಮಿಗೆ ಹಾಕಿದ್ದು ಮತ್ತೆಂತಕ್ಕೆ?" ಎಂದರು ಅಪ್ಪ.

ನಾಲ್ಕು ಜನರ ಎದುರು ನನಗೆ ಸ್ವರ ಹೊರಡುವುದಿಲ್ಲ. ಪುಸ್ತಕ ಮುಖಕ್ಕೆ ಅಡ್ಡ ಇದ್ದರೆ ಹೊರಡುತ್ತದೆ. ಓದಿದೆ. ನೀರಿಗೆ ಹಾಕಬೇಡಿ, ಬಿಸಿಲಿಗೆ ಇಡಬೇಡಿ, ಕೆಳಗೆ ಬೀಳಿಸಬೇಡಿ, ಒದ್ದೆ ಕೈಯಲ್ಲಿ ಮುಟ್ಟಬೇಡಿ. ಪುಟ ಮುಗಿಸಿ ತಿರುಗಿಸಿದರೆ ಮತ್ತೆ ಅದೇ.

"ಮಾಮ ತಂದದ್ದು ಕ್ಯಾಮೆರಾವಾ, ಬಾಣಂತಿಯಾ?" ಎಂದು ಅಪ್ಪ ಎದ್ದೇಬಿಟ್ಟರು.

"ಭಾವ, ಈ ದೀಪದ ವಿಷಯ ಮಾತ್ರ ಕೇಳಿ," ಎಂದು ಮಾಮ ಹಿಂದೆ ಹೋದ.

"ಮೂವತ್ತು ಲೀಟರಿನ ಗ್ರೈಂಡರು ಓಡಿಸುವವನಿಗೆ ದೀಪದ ಪಾಠ ಹೇಳ್ತೀಯಾ? ಹಸಿರು ಅಂದ್ರೆ ಓಡ್ತಾ ಉಂಟು, ಕೆಂಪು ಅಂದ್ರೆ ನಿಂತಿದೆ."

"ಇದರಲ್ಲಿ ಹಸಿರು ಇಲ್ಲ ಭಾವ."

"ಹಾಗಾದ್ರೆ ಕೆಂಪು ಆರಿದ್ರೆ ಓಡ್ತಾ ಉಂಟು ಅಂತ ಲೆಕ್ಕ."

ಭಾವನ ಮಾತಿಗೆ ಎದುರಾಡುವ ಮಾಮನಲ್ಲ. ಪುಸ್ತಕ ಹೋಟೆಲಿಗೆ ಹೋಗಿ ಗಲ್ಲಾದ ಮೇಜಿನ ಕುಂಟುಕಾಲಿನ ಕೆಳಗೆ ಕೂತಿತು. ಮನೆಗೆ ಬಂದವರಲ್ಲಿ ತಾನು ಹೇಳಿದ್ದನ್ನು ತಾನೇ ಪಾಲಿಸಿದ್ದು ಅದೊಂದೇ. ನೀರಿಲ್ಲ, ಬಿಸಿಲಿಲ್ಲ, ಕೆಳಗೆ ಬೀಳಲಂತೂ ಜಾಗವೇ ಇಲ್ಲ.

ಗಂಟು

ನೆರೂಳಿನ ಹಾಲ್‌ನಲ್ಲಿ ಮಾಮನ ಮದುವೆ. ತಾಳಿ ಕಟ್ಟುವಾಗ ಭಟ್ಟರ ಮೊಣಕೈ ಅಡ್ಡ ಬಂತು. ಅಪ್ಪ ಕಣ್ಣಿನಿಂದ ಕ್ಯಾಮೆರಾ ತೆಗೆಯದೆ, "ಇನ್ನೊಮ್ಮೆ," ಎಂದರು.

"ಭಾವ, ಗಂಟು ಹಾಕಿ ಆಯ್ತು," ಎಂದ ಮಾಮ.

"ಬಿಚ್ಚಿ ಹಾಕು. ಜೀವಮಾನಕ್ಕೊಂದು ಟೇಪು."

ಭಟ್ಟರು ಅಕ್ಷತೆಯ ಕೈ ಕೆಳಗಿಳಿಸಿದರು. "ಕಟ್ಟುವ ಮಂತ್ರ ಮಾತ್ರ ನಾನು ಕಲಿತದ್ದು ಮಾರಾಯ್ರೆ. ಬಿಚ್ಚುವುದಕ್ಕೆ ಕಲ್ಯಾಣ ಕೋರ್ಟಿಗೆ ಹೋಗಿ."

ಆ ಟೇಪನ್ನಾಗಲಿ, ಆಮೇಲಿನದನ್ನಾಗಲಿ ನಾವು ಒಮ್ಮೆಯೂ ಹಾಕಿ ನೋಡಲಿಲ್ಲ. ನೋಡಿದಷ್ಟೂ ಟೇಪು ಸವೆಯುತ್ತದೆ ಎಂದು ಅಪ್ಪನ ನಂಬಿಕೆ. "ಮುದುಕರಾದ ಮೇಲೆ ನಾನೂ ನಿನ್ನಮ್ಮನೂ ಕೂತು ನೋಡ್ತೇವೆ," ಎನ್ನುತ್ತಿದ್ದರು. ಅಮ್ಮ ಅಷ್ಟು ಕಾಯಲಿಲ್ಲ.

ಮೆಟ್ಟಿಲು

ಅಮ್ಮ ಹೋದ ದಿನ ಮಾಮನಿಗೆ ರಜೆ ಸಿಗಲಿಲ್ಲ. "ಭಾವ, ಅಕ್ಕನ ಮುಖ ಒಂದು ತೆಗೆದಿಡಿ," ಎಂದು ಫೋನಿನಲ್ಲಿ ಅತ್ತ. ನಾನು ನನ್ನ ಮೊಬೈಲ್ ಕೊಡಹೋದರೆ ಅಪ್ಪ, "ಅವನು ತಂದದ್ದರಲ್ಲೇ ತೆಗೀಬೇಕು," ಎಂದು ಕಪಾಟಿನಿಂದ ಆ ಕ್ಯಾಮೆರಾ ಇಳಿಸಿದರು. ಒರೆಸಿದರು, ಊದಿದರು.

ನಮ್ಮ ಬಿಲ್ಡಿಂಗಿನ ಲಿಫ್ಟಿನಲ್ಲಿ ಮಲಗಿದವರಿಗೆ ಜಾಗವಿಲ್ಲ. ಚಟ್ಟ ಹೊತ್ತವರು ಮೆಟ್ಟಿಲಲ್ಲೇ ಇಳಿಯುತ್ತಿದ್ದರು. ಮುಂದೆ ಹೆಗಲು ಕೊಟ್ಟಿದ್ದವರು ಎದುರು ಮನೆಯ ಮರಾಠಿ ಕಾಕಾ. ತಿರುವಿನಲ್ಲಿ ಅವರು, "ಅಣ್ಣಾ, ತುಮ್ಚಾ ಕ್ಯಾಮೆರಾ ಬಂದ್ ಆಹೆ," ಎಂದರು.

"ಲಾಲ್ ನಾಹಿ, ಮ್ಹಣ್ಜೇ ಚಾಲೂ ಆಹೆ," ಎಂದರು ಅಪ್ಪ, ಕೆಂಪು ಇಲ್ಲದಿದ್ದರೆ ಓಡುತ್ತಿದೆ ಎಂಬ ಅದೇ ಲೆಕ್ಕ. ಕಣ್ಣೀರು ಇಳಿಯುತ್ತಲೇ ಇತ್ತು. ಆಮೇಲೆ ಸಣ್ಣ ಸ್ವರದಲ್ಲಿ, ಇಲ್ಲಿ ಕತ್ತಲೆ, ಮುಖ ಸರಿ ಬರಲಿಲ್ಲ, ನಾಲ್ಕು ಮೆಟ್ಟಿಲು ಮೇಲೆ ಹೋಗಿ ಮತ್ತೆ ಇಳಿಯಿರಿ ಎಂದು ಕೇಳಿಕೊಂಡರು.

ಕಾಕಾ ಏದುಸಿರು ಬಿಡುತ್ತ, "ಅತ್ತಿಗೆಗೆ ಮೊಣಕಾಲು ನೋವು ಅಣ್ಣಾ. ಇವತ್ತಾದರೂ ಎರಡು ಸಲ ಹತ್ತಿಸಬೇಡ," ಎಂದರು.

ಹೊತ್ತವರು ನಕ್ಕರು. ಅಪ್ಪನೂ ನಕ್ಕರು. ಚಟ್ಟವೂ ಒಂದಿಷ್ಟು ಅಲ್ಲಾಡಿತು.

ಕಾಲುಗಳು

ಮಹಾಪೆಯ ನನ್ನ ಆಫೀಸಿಗೆ ರಜೆ ಹಾಕಿ, ಟೇಪುಗಳನ್ನೆಲ್ಲ ಕಲ್ಯಾಣದ ಒಂದು ಅಂಗಡಿಗೆ ಒಯ್ದೆ, ಪೆನ್‌ಡ್ರೈವಿಗೆ ಹಾಕಿಸಲು. ವಾರ ಬಿಟ್ಟು ಹೋದಾಗ ಅಂಗಡಿಯವನು ನನ್ನ ಮುಖ ನೋಡದೆ, "ಮೇಡಂ, ಶಾದಿ ಕಹಾಂ ಹೈ? ಇದರಲ್ಲಿ ಮದುವೆಯೇ ಇಲ್ಲ, ಬರೀ ಕಾಲುಗಳಿವೆ," ಎಂದ.

ಕ್ಯಾಮೆರಾದ ಕೆಂಪು ದೀಪ ಉರಿದರೆ ಓಡುತ್ತಿದೆ ಎಂದರ್ಥ. ಅಪ್ಪ ಕಣ್ಣಿಗಿಟ್ಟು ತೆಗೆದಾಗಲೆಲ್ಲ ಅದು ನಿಂತಿತ್ತು. ತೆಗೆದಾಯಿತೆಂದು ಗುಂಡಿ ಒತ್ತಿ ಕೆಳಗಿಟ್ಟಾಗಲೆಲ್ಲ ಓಡಿತ್ತು. ತಾಳಿ ಇಲ್ಲ, ಊಟದ ಪಂಕ್ತಿಯ ಕೆಳಗಿನ ಚಪ್ಪಲಿಗಳಿವೆ. ಚೀಲದ ಒಳಗಿನ ಕತ್ತಲೆ ಬ್ಯಾಟರಿ ಮುಗಿಯುವವರೆಗೆ ಇದೆ.

ಹಸಿರು ಸೀರೆಯೂ ಇತ್ತು. ಸಂಜೆ ಅದನ್ನೇ ಟಿವಿಗೆ ಹಾಕಿದೆ. ಅಪ್ಪ ಕುರ್ಚಿ ಹತ್ತಿರ ಎಳೆದುಕೊಂಡರು.

ಕ್ಯಾಮೆರಾ ಮೇಜಿನ ಮೇಲಿದೆ. ಬಾಲ್ಕನಿಯ ಟೈಲ್ಸು, ಹಸಿರು ನೆರಿಗೆ, ಅಮ್ಮನ ಕಾಲುಂಗುರ. ಅಮ್ಮನ ಸ್ವರ ಮಾತ್ರ ಸ್ಪಷ್ಟ: "ಹೋಯ್, ಎಲ್ಲರದ್ದೂ ತೆಗೀತೀರಿ. ನನ್ನದೊಂದು ತೆಗೀರಿ ಮಾರಾಯ್ರೆ."

ಪರದೆ ತುಂಬ ಬನಿಯನ್ನು. "ಉಫ್." ಚಿತ್ರ ಮೇಲೇರಿತು. ಸೆರಗು ಸರಿಮಾಡಿಕೊಳ್ಳುವ ಕೈ, ಗಲ್ಲ, ನಗಲು ಹೊರಟ ತುಟಿ. ಅಷ್ಟರಲ್ಲಿ ಅಪ್ಪ ಅಮ್ಮನನ್ನು ತೆಗೆಯಲೆಂದು ಗುಂಡಿ ಒತ್ತಿದರು. ಟಿವಿ ನೀಲಿಯಾಯಿತು.

ಅಪ್ಪ ಎದ್ದು ಹೋದರು. ಬನಿಯನ್ನಿನ ಅಂಚಿನಿಂದ ಟಿವಿಯ ಗಾಜು ಒರೆಸಿ, ಒಮ್ಮೆ ಊದಿ, ಬಂದು ಕೂತರು.

"ಹ್ಞೂಂ. ಇನ್ನು ಮುಂದಿನದ್ದು ಹಾಕು ಮಗಾ."